ಕಟ್ಟಕ್ಕನ ಮೊದಲ ಚಳಿಗಾಲ

ಮೂಳೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ಲಾಸ್ಟರ್ ಹಾಕುವ ಅವಳನ್ನು ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಕರೆಯುವುದು ಕಟ್ಟಕ್ಕ ಎಂದೇ. ಕಟ್ಟುವುದರಲ್ಲಿ ಎಷ್ಟು ಕಟ್ಟುನಿಟ್ಟೋ, ಬಿಚ್ಚುವುದರಲ್ಲಿ ಅದಕ್ಕಿಂತ ಹೆಚ್ಚು. ಪ್ಲಾಸ್ಟರ್ ಕತ್ತರಿಸಿ ತೆಗೆದ ದಿನ ಹುಮ್ಮಸ್ಸಿನಲ್ಲಿ ಮಂಚದಿಂದ ಧುಮುಕಲು ಹೊರಟವರನ್ನು ಭುಜ ಹಿಡಿದು ಕೂರಿಸುತ್ತಾಳೆ.

"ಕಾಲು ಹೊಸದು, ನೆನಪು ಹಳೇದು. ನೆನಪಿನ ಮಾತು ಕೇಳಿ ಹಾರಿದ್ರೆ ವಾಪಸ್ ನನ್ನ ಹತ್ರಾನೇ ಬರ್ತೀರ. ಮೊದಲು ಅರ್ಧ ಭಾರ ಹಾಕಿ. ಹಾಂ, ಈಗ ಪೂರ್ತಿ."

ಗಂಡ ಗಡಿಯಾರ ರಿಪೇರಿಯವನು. ವಾರಪೂರ್ತಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳ ಜೊತೆ ಗುದ್ದಾಡಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಕಾಡಿಗೆ ಹೋಗುತ್ತಾನೆ. ಅವನು ಕಾಡಿಗೆ ಹೋದಷ್ಟು ಹೊತ್ತು ನನ್ನನ್ನು ಕಾಡುವುದಿಲ್ಲ ಎಂದು ಅವಳೂ ಸುಮ್ಮನಿದ್ದಳು. ಬರಿಗೈಯಲ್ಲಿ ಕಾಡಿಗೆ ಬಿದ್ದು, ಮರ ಕಡಿದು, ಬೇಟೆಯಾಡಿ, ಚಳಿ ತಡೆದು ಬದುಕಿ ಉಳಿಯುವ ಆಟ ಅದು. ಮಾಡಿದ ಕೆಲಸದಲ್ಲೆಲ್ಲ ಆಟದೊಳಗಿನ ಮನುಷ್ಯನ ಕೈ ಪಳಗುತ್ತದೆ. ಪಳಗಿದ ಆ ಮನುಷ್ಯನನ್ನು ಚೀಲದ ಸಮೇತ ಇನ್ನೊಂದು ಹೊಸ ಕಾಡಿಗೂ ಕರೆದೊಯ್ಯಬಹುದು. ಗಂಡ ಮೂರು ವರ್ಷದಿಂದ ಒಬ್ಬನನ್ನೇ ಪಳಗಿಸಿದ್ದ. ಗಡ್ಡದವನು, ಹೆಸರು ಹಳಬ.

ಮೂರು ವರ್ಷವೂ ಬಟ್ಟೆ ಮಡಿಸುತ್ತ ಹಿಂದಿನಿಂದ ನೋಡುತ್ತಿದ್ದ ಕಟ್ಟಕ್ಕ ಒಂದು ಭಾನುವಾರ ತಮ್ಮನ ಮನೆಯಿಂದ ಲ್ಯಾಪ್‌ಟಾಪ್ ತಂದು ಗಂಡನ ಪಕ್ಕ ಕುರ್ಚಿ ಎಳೆದುಕೊಂಡಳು.

"ರೀ, ನಾನೂ ಬರ್ತೀನಿ. ಒಂದು ಚಳಿಗಾಲ ಬದುಕಿ ತೋರಿಸ್ಬೇಕು ಅಂತ ಆಸೆ."

ಇಬ್ಬರಿಗೂ ಸೇರಿ ಹೊಸ ಕಾಡು ತೆರೆದಾಯಿತು. ಆಟದಲ್ಲಿ ಅವಳ ಹೆಂಗಸು ಹರಿದ ಅಂಗಿಯಲ್ಲಿ, ಬರಿಗಾಲಲ್ಲಿ ಬಂದು ನಿಂತಳು. ಗಂಡ ಹಳಬನಾಗಿ ಬಂದ. ಅರ್ಧ ಗಂಟೆಯಲ್ಲಿ ಮನೆ, ಬೇಲಿ, ಒಲೆ, ಎರಡು ಹಾಸಿಗೆ ಎಲ್ಲ ಸಿದ್ಧ.

"ನಾನೇನ್ ಮಾಡ್ಲಿ?"

"ನೀನು ಆರಾಮಾಗಿ ಕೂತ್ಕೋ."

ಕೂರುವುದಕ್ಕೆ ಮನೆಯಲ್ಲಿ ಸೋಫಾ ಇಲ್ಲವೇ? ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನೀವೂ ನನ್ನ ಹಾಗೆ ಬರಿಗೈಯಲ್ಲಿ ಬನ್ನಿ. ಇಲ್ಲಾಂದ್ರೆ ನನಗೆ ಈ ಆಟ ಬೇಡ."

"ಮೂರು ವರ್ಷ ಬೆಳೆಸಿದ ಕ್ಯಾರೆಕ್ಟರ್ ಕಣೇ."

"ನಿಮ್ಮ ಕ್ಯಾರೆಕ್ಟರ್ ನಾನು ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀನಿ. ಬೆಳೆದಿದ್ದೇನೂ ಕಾಣ್ಲಿಲ್ಲ."

ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದವನು ಮುಂದಿನ ಭಾನುವಾರ ಹೊಸಬನನ್ನು ಮಾಡಿಕೊಂಡು ಬಂದ. ಕೈ ಬರಿದು, ಆದರೆ ತಲೆ ತುಂಬಿತ್ತು. "ಆ ಹಣ್ಣು ಮುಟ್ಟಬೇಡ, ವಿಷ. ಚಕಮಕಿ ಕಲ್ಲು ಹೊಳೆ ಬದಿಯಲ್ಲಿರತ್ತೆ. ಅಲ್ಲಿ ಬೇಡ, ತೋಳ ಬರತ್ತೆ." ಕಟ್ಟಕ್ಕ ಎರಡನೆಯ ನಿಯಮ ಹೊರಡಿಸಿದಳು. ಹಳಬನ ಚೀಲದ ಜೊತೆ ಹಳಬನ ಬಾಯಿಯೂ ಹೊರಗಿರಬೇಕು. ಆಮೇಲೆ ಬೇಕೆಂದೇ ಆ ಹಣ್ಣು ತಿಂದಳು. ಅವಳ ಹೆಂಗಸು ವಾಂತಿ ಮಾಡಿಕೊಂಡು ಅರೆಜೀವವಾದಳು. ಗಂಡ ಕರವಸ್ತ್ರ ಕಚ್ಚಿಕೊಂಡು ಕೂತ.

"ಈಗ ನನಗೂ ಗೊತ್ತಾಯ್ತು," ಎಂದಳು ಸಮಾಧಾನವಾಗಿ.

ಹೀಗೆ ಬಿದ್ದು ಎದ್ದು ಭಾನುವಾರಗಳು ಕಳೆದವು. ಆಟದ ಲೆಕ್ಕದಲ್ಲಿ ಚಳಿಗಾಲ ಹತ್ತು ದಿನ. ಅವಳೇ ಕಟ್ಟಿದ ಸೊಟ್ಟ ಗುಡಿಸಲಿನಲ್ಲಿ ಎಂಟು ದಿನ ದೂಡಿದರು. ಒಂಬತ್ತನೆಯ ದಿನ ಒಂದು ಜಿಂಕೆ ಕಂಡಿತು. ಗಂಡ ಅದರ ಹಿಂದೆ ಓಡಿ, ಹಳಬನಾಗಿದ್ದಾಗ ನೂರು ಸಲ ಹಾರಿದ್ದ ಅಭ್ಯಾಸದಲ್ಲಿ, ಬಂಡೆಯ ಮೇಲಿಂದ ಧುಮುಕಿದ. ಹಳಬನಾದರೆ ಮೈ ಕೊಡವಿ ನಡೆಯುತ್ತಿದ್ದ. ಹೊಸಬನ ಕಾಲು ಮುರಿಯಿತು.

ಇಂಥವರಿಗೆ ಹೇಳುವುದನ್ನೆಲ್ಲ ಕಟ್ಟಕ್ಕ ದಿನಕ್ಕೆ ಹತ್ತು ಸಲ ಆಸ್ಪತ್ರೆಯಲ್ಲಿ ಹೇಳುತ್ತಾಳೆ. ಈಗ ತನ್ನ ಹರಿದ ಅಂಗಿಯ ತೋಳನ್ನು ಇನ್ನಷ್ಟು ಹರಿದು, ಎರಡು ಕೋಲು ಇಟ್ಟು ಕಾಲಿಗೆ ಕಟ್ಟು ಕಟ್ಟಿ, ಅವನನ್ನು ಗುಡಿಸಲಿಗೆ ಎಳೆದು ತಂದಳು. "ಆರಾಮಾಗಿ ಕೂತ್ಕೊಳ್ಳಿ."

ಗುಡಿಸಲಿನಲ್ಲಿ ತಿನ್ನುವುದೆಲ್ಲ ಖಾಲಿಯಾಗಿತ್ತು. ಹತ್ತನೆಯ ದಿನದ ಬೆಳಗಿನ ಹೊತ್ತಿಗೆ ಪರದೆಯಲ್ಲಿ ಇಬ್ಬರ ಜೀವ ತೋರಿಸುವ ಕೆಂಪು ಪಟ್ಟಿಯೂ ಉಗುರಿನಷ್ಟು ಉಳಿಯಿತು. ಗಂಡನ ಕೈ ಮೌಸಿಗೆ ಹೋಯಿತು.

"ಒಂದೇ ಕ್ಲಿಕ್. ಹಳಬನ್ನ ಕರೆದುಬಿಡ್ತೀನಿ. ಅವನ ಚೀಲದಲ್ಲಿ ಒಣಮಾಂಸ ಇದೆ, ಇಲ್ಲಾಂದ್ರೆ ಸತ್ತೇಹೋಗ್ತೀವಿ."

"ಕರೀರಿ. ಆಮೇಲೆ ಅವನ ಜೊತೇನೇ ಆಡ್ಕೊಳ್ಳಿ. ಸತ್ರೆ ನಾನು ಮತ್ತೆ ಮೊದಲಿಂದ ಶುರು ಮಾಡ್ತೀನಿ. ಬದುಕಿದ್ರೆ ನಾನೇ ಬದುಕಿರ್ಬೇಕು."

ಅವನು ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ.

ಕಟ್ಟಕ್ಕ ಕೋಲು ಹಿಡಿದು ಹೆಪ್ಪುಗಟ್ಟಿದ ಕೆರೆಗೆ ಹೋದಳು. ಮೀನು ಇರುವುದು ನಡುವೆ. ಯಾವ ಮಂಜುಗಡ್ಡೆ ತೆಳು, ಯಾವುದು ದಪ್ಪ ಎಂದು ಗಂಡನಿಗೆ ಗೊತ್ತು. ಕರವಸ್ತ್ರ ಮತ್ತೆ ಬಾಯಿಗೆ ಹೋಯಿತು. ಚಟ್ ಎಂದು ಸದ್ದಾಯಿತು. ಅವಳು ನಿಂತಳು. ಎರಡು ಹೆಜ್ಜೆ ಹಿಂದೆ ಬಂದು, ಬೇರೆ ಕಡೆ ಕಾಲಿಟ್ಟಳು.

"ಮೊದಲು ಅರ್ಧ ಭಾರ," ಎಂದು ತನಗೇ ಹೇಳಿಕೊಂಡಳು. "ಹಾಂ, ಈಗ ಪೂರ್ತಿ."

"ಇದು ಮೋಸ. ಅದು ಆಸ್ಪತ್ರೆ ಅನುಭವ," ಎಂದ ಗಂಡ ಕರವಸ್ತ್ರ ತೆಗೆದು.

"ಆಗ್ಲಿ. ನನ್ನದೇ ತಾನೇ?"

ಎರಡು ಮೀನು ಸಿಕ್ಕವು. ದೊಡ್ಡದನ್ನು ಅವಳೇ ತಿಂದಳು. ಕಷ್ಟಪಟ್ಟವರು ಯಾರು ಎಂಬ ಬಗ್ಗೆ ಗುಡಿಸಲಿನಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹನ್ನೊಂದನೆಯ ದಿನ ಸೂರ್ಯ ಬಂದ, ಸೂರಿನಿಂದ ಹನಿ ತೊಟ್ಟಿಕ್ಕಿತು. ಕಟ್ಟಕ್ಕ ಕುರ್ಚಿಗೆ ಒರಗಿ ಪರದೆಯನ್ನು ತುಂಬ ಹೊತ್ತು ನೋಡಿದಳು.

ಮುಂದಿನ ಭಾನುವಾರ ಇನ್ನೊಂದು ಹೊಸ ಕಾಡು. ಯಾರನ್ನು ಕರೆದೊಯ್ಯುತ್ತೀರಿ ಎಂದು ಆಟ ಕೇಳಿತು. ಅವಳು ಹಿಂದುಮುಂದು ನೋಡದೆ ಒಂದೇ ತೋಳಿನ ಅಂಗಿಯ ತನ್ನ ಹೆಂಗಸನ್ನೇ ಒತ್ತಿದಳು.

ಗಂಡ ಕಣ್ಣರಳಿಸಿದ. "ಅಲ್ಲ ಕಣೇ, ಹೊಸದಾಗಿ ಶುರು ಮಾಡ್ಬೇಕು ಅಂದವಳು ನೀನೇ."

"ಶುರು ಮಾಡಿ ಆಯ್ತಲ್ಲ. ಇವಳಿಗೆ ಗೊತ್ತಿರೋದೆಲ್ಲ ಇವಳೇ ಕಲ್ತಿದ್ದು. ಯಾಕೆ ಬಿಡ್ಲಿ?"

"ಹಾಗಾದ್ರೆ ನನ್ನ ಹಳಬ?"

"ಅವನೂ ಬರ್ಲಿ. ಆದ್ರೆ ಮನೆ ನಾನು ಕಟ್ತೀನಿ."

ಅವನು ಪಟ್ಟಿಯಲ್ಲಿ ಗಡ್ಡದವನನ್ನು ನೋಡಿದ, ಕೆಳಗಿದ್ದ ಕುಂಟನನ್ನು ನೋಡಿದ. ಕೊನೆಗೆ ಕುಂಟನನ್ನು ಒತ್ತಿದ.

"ಕಟ್ಟು ಇನ್ನೂ ಬಿಚ್ಚಿಲ್ಲ," ಎಂದಳು ಕಟ್ಟಕ್ಕ, ಮರ ಕಡಿಯಲು ಹೊರಡುತ್ತ. "ಹಾರಬೇಡಿ."