ಶಾದ್ಲಿಯಾಳ ಮರ, ಮನ್ನೂಬಿಯಾಳ ತೋಟ

ಟುನೀಷಿಯದಲ್ಲಿ ನಮ್ಮ ನಾಬುಲ್ ಪಟ್ಟಣಕ್ಕೆ ಎರಡು ವಸ್ತುಗಳಿಂದ ಹೆಸರು: ಕಹಿಕಿತ್ತಳೆಯ ಹೂನೀರು, ಕೆಂಪು ಮೆಣಸಿನಕಾಯಿ. ನಮ್ಮ ಓಣಿಯ ಶಾದ್ಲಿಯಾ ಎರಡನ್ನೂ ತನ್ನಲ್ಲೇ ಇಟ್ಟುಕೊಂಡಿದ್ದಳು. ಮೊದಲನೆಯದು ಹಿತ್ತಲಿನ ಮರದಲ್ಲಿ, ಎರಡನೆಯದು ಹೊಟ್ಟೆಯಲ್ಲಿ.

ಮರ ಅತ್ತೆ ನೆಟ್ಟದ್ದು. ಅತ್ತೆ ಹೋದಳು, ಗಂಡ ಹೋದ, ಊರಿನ ಮದುವಣಗಿತ್ತಿಯರಿಗೆಲ್ಲ ಉಡುಪು ಹೊಲಿದ ಕಣ್ಣಿನ ಚುರುಕೂ ಹೋಯಿತು. ಮರ ಮಾತ್ರ ಪ್ರತಿ ವಸಂತದಲ್ಲೂ ತಾನೇ ಮದುಮಗಳಾಗುತ್ತ ನಿಂತಿತು. ಯಾರಾದರೂ ಬಂದು, ನಾಲ್ಕು ಜನ ಕೇಳುವ ಹಾಗೆ, "ಇದು ಶಾದ್ಲಿಯಾಳ ಮರ" ಎಂದು ಬಾಯಿತುಂಬ ಹೇಳಬೇಕು; ಲೋಕದಿಂದ ಆಕೆ ಬಯಸಿದ್ದು ಇಷ್ಟೇ. ಹೇಳಲು ಬಂದವರನ್ನು ಬಾಗಿಲಿನಿಂದಲೇ ಸಾಗಹಾಕಿದವಳೂ ಆಕೆಯೇ.

ಆದದ್ದು ಹೀಗೆ. ಹೂವಿನ ಕಾಲದಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಮನೆತೋಟವನ್ನು ಎಲ್ಲರಿಗೂ ತೆರೆದಿಡಬೇಕೆಂದು ಊರಿನ ಮಹಿಳಾ ಸಂಘದವರು ನಿಶ್ಚಯಿಸಿದರು. ಮೊದಲು ತಟ್ಟಿದ್ದು ಶಾದ್ಲಿಯಾಳ ಬಾಗಿಲನ್ನೇ.

"ಲಲ್ಲಾ, ನಿಮ್ಮ ಮರ ಈ ಸಲ ಭಾರೀ ಹೂ ಬಿಟ್ಟಿದೆಯಂತಲ್ಲ?" ಎಂದಳು ಸಂಘದ ಕಾರ್ಯದರ್ಶಿ. ಲಲ್ಲಾ ಎಂದರೆ ನಮ್ಮಲ್ಲಿ ಅಮ್ಮಾವ್ರೇ ಎಂದ ಹಾಗೆ.

ಇಂಥ ಮಾತಿಗೆ ನಮ್ಮಲ್ಲಿ ಬುದ್ಧಿಯಿರುವ ಯಾರೂ ಹೌದೆನ್ನುವುದಿಲ್ಲ. ಮಗು ದುಂಡಗಿದ್ದರೆ ಅದಕ್ಕೆ ಸದಾ ಜ್ವರ. ಅಳಿಯ ಒಳ್ಳೆಯವನಾದರೆ ಅವನಿಗೆ ಗೊರಕೆ. ಇಲ್ಲವಾದರೆ ಕೆಟ್ಟ ದೃಷ್ಟಿ ತಾಗದೆ ಬಿಡುತ್ತದೆಯೇ? ಶಾದ್ಲಿಯಾ ದೃಷ್ಟಿ ತಡೆಯಲು ಬೆನ್ನ ಹಿಂದೆ ಐದು ಬೆರಳು ಅಗಲಿಸಿ ನಿಟ್ಟುಸಿರಿಟ್ಟಳು.

"ಹೂವೆಲ್ಲಿಂದ ಬರ್ಬೇಕು ತಾಯಿ! ಹುಳ ಬಿದ್ದು ಸಾಯ್ತಾ ಇದೆ. ಕಡಿಸಿ ಒಲೆಗೆ ಹಾಕೋಣ ಅಂತಿದ್ದೀನಿ."

ಎರಡನೇ ಸಲ ಕೇಳಿದ್ದರೆ ಮರಕ್ಕೆ ಗುಣವಾಗುತ್ತಿತ್ತು. ಮೂರನೇ ಸಲ ಕೇಳಿದ್ದರೆ ಹೂವೂ ಬಿಡುತ್ತಿತ್ತು. ಆದರೆ ಕಾರ್ಯದರ್ಶಿ ರಾಜಧಾನಿಯಲ್ಲಿ ಬೆಳೆದ ಹೆಣ್ಣು. ಒಂದೇ ಸಲ ಕೇಳಿದಳು. ಅಯ್ಯೋ ಪಾಪ ಎಂದು ಪಕ್ಕದ ಮನೆಗೆ ಹೋದಳು.

ಪಕ್ಕದ ಮನೆಯ ಮನ್ನೂಬಿಯಾ ಊರಿನ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದ ಸೂಲಗಿತ್ತಿ. ಆಕೆಯ ತೋಟ ಜಮಖಾನೆಯಷ್ಟು ಅಗಲ. ನೀಲಿ ಹಂಚಿನ ಎರಡು ಕಟ್ಟೆ, ಒಂದು ಮಲ್ಲಿಗೆ ಬಳ್ಳಿ, ಬಾವಿ, ಮನಸ್ಸು ಬಂದಾಗ ಮಾತ್ರ ನಡೆಯುವ ಒಂದು ಆಮೆ. ಮತ್ತೆ ಇದೆಲ್ಲದರ ಮೇಲೆ ಕೊಡೆ ಹಿಡಿದಂತೆ, ಗೋಡೆ ದಾಟಿ ಚಾಚಿಕೊಂಡ ಶಾದ್ಲಿಯಾಳ ಮರದ ದಪ್ಪ ಕೊಂಬೆ, ಮೈತುಂಬ ಹೂ.

ಆ ತೋಟ ತೆರೆದ ಮೊದಲ ಶುಕ್ರವಾರವನ್ನು ಶಾದ್ಲಿಯಾ ಗೋಡೆಗೆ ಕಿವಿಯಿಟ್ಟು ಕಳೆದಳು. ಎರಡನೆಯ ಶುಕ್ರವಾರ, ಶತ್ರುವಿನ ಕೋಟೆ ನೋಡಲು ಹೊರಟ ಸೇನಾನಿಯಂತೆ, ಇಸ್ತ್ರಿ ಮಾಡಿದ ಬಿಳಿ ಹೊದಿಕೆ ಹೊದ್ದು ತಾನೇ ನಡೆದಳು.

"ಬಾ ಲಲ್ಲಾ, ನಿಂದೇ ಮನೆ ಅಂದ್ಕೋ," ಎಂದಳು ಮನ್ನೂಬಿಯಾ.

"ಅಂದ್ಕೊಳ್ಳೋದೇನು ಬಂತು, ಮೇಲ್ಗಡೆ ಅರ್ಧ ನಂದೇ."

ಖರ್ಜೂರ ತುಂಬಿದ ಮಕ್ರೂದ್ ಮೂರು ತಿಂದು, ನಾಲ್ಕನೆಯದು ಸರಿಯಾಗಿ ಬೆಂದಿಲ್ಲ ಎಂದಳು. ಕಟ್ಟೆ ತಣ್ಣಗಿದೆ, ಸೊಂಟ ಹಿಡಿಯುತ್ತದೆ ಎಂದಳು. ಆಮೆ ಸೋಮಾರಿ ಎಂದಳು. ಅಷ್ಟರಲ್ಲಿ ಟ್ಯೂನಿಸ್‌ನಿಂದ ಬಂದ ಕಪ್ಪು ಕನ್ನಡಕದ ಹೆಂಗಸೊಬ್ಬಳು ಕೊಂಬೆಯ ಕೆಳಗೆ ಕಣ್ಣು ಮುಚ್ಚಿ ನಿಂತು, "ಏನು ಘಮ! ಏನು ನೆಮ್ಮದಿ! ಇಲ್ಲೇ ಇದ್ದುಬಿಡೋಣ ಅನ್ಸುತ್ತೆ," ಎಂದಳು.

ಮನ್ನೂಬಿಯಾ ರೆಪ್ಪೆ ತಗ್ಗಿಸಿದಳು. "ಎಲ್ಲಾ ಅಲ್ಲಾಹನ ಕೃಪೆ."

ಕೃಪೆ ಸರಿಯೇ, ಆದರೆ ಅದು ನನ್ನ ಹಿತ್ತಲಿನ ಮೇಲಿಂದ ತಾನೇ ಇಳಿದು ಬಂದದ್ದು! ಶಾದ್ಲಿಯಾಳ ನಾಲಗೆಯ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಎದುರಿನ ಕಟ್ಟೆಯಿಂದ ಕಾರ್ಯದರ್ಶಿ ಮರುಕದಿಂದ ಬಾಗಿದಳು.

"ಲಲ್ಲಾ, ನಿಮ್ಮ ಮರ ಹೇಗಿದೆ, ಪಾಪ?"

"ಇವತ್ತೋ ನಾಳೆಯೋ ಅನ್ನೋ ಹಾಗಿದೆ," ಎಂದಳು ಶಾದ್ಲಿಯಾ, ಹಲ್ಲು ಕಚ್ಚಿ.

ಮರುದಿನವೇ ಮರ ಸವರುವ ಮುದುಕ ಫ್ರೇಜ್‌ನನ್ನು ಕರೆಸಿದಳು. ಗೋಡೆಯಾಚೆ ಹೋದದ್ದನ್ನೆಲ್ಲ ಕತ್ತರಿಸು ಎಂದಳು.

"ಹೂ ಹೊತ್ತ ಮರಕ್ಕೆ ಗರಗಸ ಹಾಕು ಅಂತೀಯಲ್ಲಮ್ಮ, ನಂಗೂ ಮೊಮ್ಮಕ್ಕಳಿದ್ದಾರೆ. ಹೂ ಮುಗೀಲಿ, ಬರ್ತೀನಿ."

"ಹೂ ಮುಗಿದ ಮೇಲೆ ನೀನ್ಯಾಕೆ? ಆಗ ನಂಗೆ ಹೊಟ್ಟೆನೂ ಉರಿಯಲ್ಲ!"

ಮೂರನೆಯ ಶುಕ್ರವಾರ, ಬೆಳಗಿನ ಬಾಂಗ್ ಮುಗಿಯುತ್ತಲೇ, ಆ ವಯಸ್ಸಿನಲ್ಲಿ ಆಕೆ ಏಣಿ ಏರಿದಳು. ಗೋಡೆಯ ಮೇಲೆ ಹೊಟ್ಟೆ ಊರಿ, ಆಚೆಯ ಕೊಂಬೆಯ ಬಿರಿದ ಹೂವನ್ನೆಲ್ಲ ಕಿತ್ತು ಈಚೆ ಹಾಸಿದ ಬಿಳಿ ದುಪ್ಪಟಿಗೆ ಎಸೆದಳು. ಬಿಸಿಲೇರುವ ಹೊತ್ತಿಗೆ ಕೊಂಬೆ ಬೋಳು, ದುಪ್ಪಟಿ ಗುಡ್ಡ. ಇಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಆಕೆಗೆ ನೆನಪಾಯಿತು: ಹೂ ಕಿತ್ತ ದಿನವೇ ಭಟ್ಟಿ ಇಳಿಸದಿದ್ದರೆ ಕೆಟ್ಟು ಹೋಗುತ್ತದೆ. ಭಟ್ಟಿಯ ತಾಮ್ರದ ಹಂಡೆಯೇನೋ ತನ್ನದು. ಆದರೆ ಕೊಳವೆಯ ಮುಚ್ಚಳ ಮನ್ನೂಬಿಯಾಳದು. ಇಬ್ಬರ ಅತ್ತೆಯರೂ ಕೂಡಿ ಕೊಂಡ ಭಟ್ಟಿ ಅದು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಹೂನೀರು ಇಳಿಸಬಾರದೆಂದು, ಸೊಸೆಯಂದಿರ ಗುಣ ಮೊದಲೇ ಬಲ್ಲ ಆ ಮುದುಕಿಯರು, ಮೇಲರ್ಧ ಒಂದು ಮನೆಗೆ, ಕೆಳಗರ್ಧ ಒಂದು ಮನೆಗೆ ಹಂಚಿಹೋಗಿದ್ದರು.

ನೆತ್ತಿಯ ಮೇಲೆ ಎಸಳು ಹೊತ್ತುಕೊಂಡೇ ಪಕ್ಕದ ಬಾಗಿಲು ತಟ್ಟಿದಳು.

"ಮುಚ್ಚಳ ಕೊಡೇ."

ಮನ್ನೂಬಿಯಾ ಬೋಳು ಕೊಂಬೆಯನ್ನು ನೋಡಿದಳು, ಆಕೆಯ ತಲೆಯನ್ನು ನೋಡಿದಳು. "ಯಾವ ಹೂವಿಗೆ? ನಿನ್ನ ಮರ ಸಾಯ್ತಿದೆಯಂತಲ್ಲ?"

"ಗುಣ ಆಯ್ತು."

"ಯಾವಾಗ?"

"ಬೆಳಿಗ್ಗೆ."

"ಸಂತೋಷ. ಆದ್ರೆ ಮುಚ್ಚಳ ಈ ಹೊಸ್ತಿಲು ದಾಟಲ್ಲ. ಹಂಡೆ ನೀನೇ ಹೊತ್ತು ತಾ."

ಹೊತ್ತು ತಂದಳು, ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಜನ ಬಂದಾಗ ಬಾವಿಯ ಪಕ್ಕದಲ್ಲಿ ಉರಿ ಹೊತ್ತಿತ್ತು. ಅಂಗಿಯ ತೋಳು ಮಡಚಿದ ಶಾದ್ಲಿಯಾ ಮುಚ್ಚಳದ ಮೇಲಿನ ನೀರು ಬಿಸಿಯಾದಾಗಲೆಲ್ಲ ಚೆಲ್ಲಿ ತಣ್ಣೀರು ತುಂಬುತ್ತಿದ್ದಳು. ಹುಲ್ಲಿನ ಅಂಗಿ ತೊಟ್ಟ ಶೀಸೆಗೆ ಮೊದಲ ಹನಿ ಬಿತ್ತು. ಘಮ ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ನೀಲಿ ಕಟ್ಟೆಗಳ ಮೇಲೆ ಒಬ್ಬರೂ ಕೂರಲಿಲ್ಲ. ಆಮೆಯೂ ಈ ಕಡೆ ನಡೆದು ಬಂತು.

"ಇದು ಯಾವ ಮರದ ಹೂ?" ಎಂದಳು ಟ್ಯೂನಿಸ್‌ನ ಹೆಂಗಸು, ಆಕೆ ಮತ್ತೆ ಬಂದಿದ್ದಳು.

ಕಾರ್ಯದರ್ಶಿಯೂ ಅಲ್ಲೇ ನಿಂತಿದ್ದಳು. ಶಾದ್ಲಿಯಾ ಬೆನ್ನ ಹಿಂದೆ ಐದು ಬೆರಳು ಅಗಲಿಸಿದಳು. ಸಾಲದೆನಿಸಿ ಇನ್ನೊಂದು ಕೈಯದನ್ನೂ ಅಗಲಿಸಿದಳು.

"ನನ್ನ ಮರದ್ದು."

"ಸಾಯ್ತಿತ್ತಲ್ಲ ಲಲ್ಲಾ?" ಎಂದಳು ಕಾರ್ಯದರ್ಶಿ.

"ಸಾಯೋ ಮುಂಚೆ ಚೂರು ಹೂ ಬಿಡ್ತು."

ನಗು ಎದ್ದಿತು. ಅದರ ಹಿಂದೆಯೇ ಮಾತೂ ಹೊರಟಿತು: ಲಲ್ಲಾ ಶಾದ್ಲಿಯಾ ಅವರ ಮರವಂತೆ, ಶಾದ್ಲಿಯಾಳ ಮರ. ಬಾಯಿಂದ ಬಾಯಿಗೆ ಹಾದು ಬಾಗಿಲಾಚೆ ಓಣಿಗೂ ಇಳಿಯಿತು. ಚಹಾದ ತಟ್ಟೆ ಹಿಡಿದು ಮನ್ನೂಬಿಯಾ ಒಂದು ಮೂಲೆಯಲ್ಲಿ ನಿಂತಿದ್ದಳು. ಚಹಾ ಆರುತ್ತಿತ್ತು, ಯಾರೂ ತೆಗೆದುಕೊಳ್ಳಲಿಲ್ಲ. ಅವಳ ಮುಖ ಹುಳ್ಳಗಾದದ್ದನ್ನು ಶಾದ್ಲಿಯಾ ಹೊಗೆಯ ನಡುವೆಯೂ ಗುರುತಿಸಿದಳು. ಆ ಮುಖವನ್ನು ಎರಡು ವಾರದಿಂದ ತನ್ನದೇ ಕನ್ನಡಿಯಲ್ಲಿ ಕಂಡಿದ್ದಳು.

ಮುಂದಿನ ಶುಕ್ರವಾರದ ಹೊತ್ತಿಗೆ ಬೋಳು ಕೊಂಬೆಯ ಹಿಂದುಳಿದ ಮೊಗ್ಗುಗಳೂ ಬಿರಿದವು. ಬೆಳಗಿನ ಬಾಂಗ್ ಮುಗಿದಿತ್ತು. ಗೋಡೆಯಾಚೆ ಏಣಿ ಕಿರ್ರೆಂದಿತು. ಅಡುಗೆಮನೆಯ ಕಿಟಕಿಯಿಂದ ಶಾದ್ಲಿಯಾ ನೋಡಿದಳು: ಗೋಡೆಯ ಮೇಲೆ ಹೂಬಟ್ಟೆ ಕಟ್ಟಿದ ಒಂದು ತಲೆ, ಗಬಗಬನೆ ಹೂ ಕೀಳುವ ಎರಡು ಕೈ. ಈ ಸಲ ಭಟ್ಟಿಯ ಮುಂದೆ ಕೂರುವವಳು ತಾನೇ ಎಂದು ಮನ್ನೂಬಿಯಾ ತೀರ್ಮಾನಿಸಿಯಾಗಿತ್ತು.

ಶಾದ್ಲಿಯಾ ಒಲೆ ಹೊತ್ತಿಸಿದಳು. ಕಾಫಿ ಕಾಸಿ, ಅದಕ್ಕೆ ಹೊಸ ಹೂನೀರು ಎರಡು ಹನಿ ಹಾಕಿಕೊಂಡಳು. ತಾಮ್ರದ ಹಂಡೆಯನ್ನು ಬಾಗಿಲ ಬಳಿ ತಂದು ಬೋರಲು ಹಾಕಿ, ಅದರ ಮೇಲೆ ಮಹಾರಾಣಿಯಂತೆ ಕುಳಿತು, ತಟ್ಟುವ ಸದ್ದಿಗೆ ಕಾದಳು.