ಹಳದಿ ಅಂಗಿಯ ತಮ್ಮ

ಸವದತ್ತಿಯ ಫುಟ್‌ಬಾಲ್ ಕ್ಲಬ್ ಸೋಲಲಿ ಎಂದು ನಾನು ಇಡೀ ಒಂದು ವರ್ಷ ಬೇಡಿಕೊಂಡಿದ್ದೇನೆ. ಬೇಡಿಕೊಂಡದ್ದೂ ಬೇರೆ ಯಾರ ಹತ್ತಿರವೂ ಅಲ್ಲ, ಸವದತ್ತಿಯ ಗುಡ್ಡದ ಯಲ್ಲಮ್ಮನ ಹತ್ತಿರವೇ. ಅವರ ಊರಿನ ದೇವಿಗೆ ಅವರದೇ ಹುಡುಗರನ್ನು ಕೆಡವು ಎಂದು ಕೇಳುವಾಗ ನನಗೆ ನಾಚಿಕೆಯೇನೂ ಆಗಲಿಲ್ಲ. ದೇವಿ ಅವರೊಬ್ಬರ ಸ್ವತ್ತಲ್ಲ. ಬೈಲಹೊಂಗಲದವರಾದ ನಾವೂ ಹುಣ್ಣಿಮೆ ಹುಣ್ಣಿಮೆಗೆ ಆ ಗುಡ್ಡ ಹತ್ತುತ್ತಲೇ ಬೆಳೆದವರು.

ನಾನು ಬೈಲಹೊಂಗಲದಲ್ಲಿ ಟೇಲರ್. ಹೆಂಗಸರ ಜಂಪರು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಹೊಟ್ಟೆ ಹೊರೆಯುತ್ತೇನೆ. ಆದರೆ ಊರಲ್ಲಿ ನನಗೆ ಹೆಸರಿರುವುದು ಕ್ಲಬ್ಬಿನ ನೀಲಿ ಅಂಗಿಯಿಂದ. ಅಪ್ಪನ ಕಾಲದಿಂದಲೂ ನಮ್ಮೂರ ಫುಟ್‌ಬಾಲ್ ಹುಡುಗರ ಅಂಗಿ ನಮ್ಮ ಅಂಗಡಿಯಲ್ಲೇ ತಯಾರಾಗುತ್ತಿದ್ದವು. ಅಪ್ಪನ ನಂತರ ಮಶೀನು ನನಗೆ ಬಂತು, ಅದರ ಜೊತೆಗೆ ತಮ್ಮನೂ ಬಂದ. ಅವ್ವ ಅವನು ನಡೆಯಲು ಕಲಿಯುವ ಮೊದಲೇ ಹೋಗಿದ್ದಳು. ಉಣ್ಣಿಸಿ, ಬೈದು, ಬೆಳೆಸಿದವಳು ನಾನು. ಮೈದಾನದಲ್ಲಿ ಎಷ್ಟೇ ಗದ್ದಲವಿರಲಿ, ನಾನು ಅಂಚಿನಲ್ಲಿ ನಿಂತು ಊಟಕ್ಕೆ ಕರೆದರೆ ಅವನ ಕುತ್ತಿಗೆ ತಿರುಗುತ್ತಿತ್ತು. ಅವನ ಎದೆಯ ಅಳತೆಗೆ ನನಗೆ ಟೇಪು ಬೇಕಾಗಿರಲಿಲ್ಲ.

ಬೆಳೆದು ಅವನು ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿದ, ಕ್ಲಬ್ಬಿಗೆ ಸೆಂಟರ್ ಫಾರ್ವರ್ಡ್ ಆದ, ಸವದತ್ತಿಯ ಹುಡುಗಿಯನ್ನು ಮದುವೆಯಾದ. ಹುಡುಗಿಯನ್ನು ನೋಡಿ ಒಪ್ಪಿದವಳು ನಾನೇ. ಅವಳ ಅಪ್ಪ ಸವದತ್ತಿ ಕ್ಲಬ್ಬಿನ ಅಧ್ಯಕ್ಷ ಎಂದು ಗೊತ್ತಿತ್ತು, ಆಗ ಅದೊಂದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಆಗ ಅವರು ಕೆಳಗಿದ್ದರು.

ಕೆಳಗೆ ಎಂದರೇನೆಂದು ಹೇಳಬೇಕು. ನಮ್ಮ ಲೀಗಿನಲ್ಲಿ ಮೇಲಿನದು ಎ ಡಿವಿಜನ್, ಕೆಳಗಿನದು ಬಿ ಡಿವಿಜನ್. ಸೀಜನ್ ಮುಗಿದಾಗ ಮೇಲೆ ಎಲ್ಲರಿಗಿಂತ ಹಿಂದೆ ಬಿದ್ದ ಕ್ಲಬ್ಬು ಕೆಳಗಿಳಿಯಬೇಕು, ಕೆಳಗೆ ಗೆದ್ದ ಕ್ಲಬ್ಬು ಮೇಲೇರಬೇಕು. ನಾವು ಇಳಿದ ವರ್ಷವೇ ಸವದತ್ತಿಯವರು ಏರಿದರು. ನಾವು ಎದ್ದ ಜಾಗ ಇನ್ನೂ ಬೆಚ್ಚಗಿರುವಾಗಲೇ ಅವರು ಬಂದು ಕುಳಿತರು.

ಇಳಿದ ದಿನ ನಮ್ಮ ಮೈದಾನದಲ್ಲಿ ಬೆಳಗಾವಿಯ ತಂಡದ ಎದುರು ಸೋತೆವು. ರೆಫರಿ ಸೀಟಿ ಊದಿದ ಮೇಲೆ ಯಾರೂ ಜಗಳ ತೆಗೆಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಬೈಲಹೊಂಗಲದ ಜನ ರೆಫರಿಯ ಜೊತೆ ಜಗಳವಾಡದೆ ಮನೆಗೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇಳಿದದ್ದರ ರುಚಿ ಗೊತ್ತಾದದ್ದು ಮುಂದಿನ ಸೀಜನ್ನಿನಲ್ಲಿ. ಮೊದಲು ಭಾನುವಾರ ಸಂಜೆ ಮ್ಯಾಚ್ ಇದ್ದರೆ ಸಂಪಗಾಂವದಿಂದ ಜನ ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಿದ್ದರು. ಮೈಕ್ ಇರುತ್ತಿತ್ತು, ಚುರುಮುರಿ ಕಲಸಿ ಕೊಡುವ ಗಿರ್ಮಿಟ್ ಗಾಡಿ ಇರುತ್ತಿತ್ತು, ಬೆಳಗಾವಿಯ ದೊಡ್ಡ ಕ್ಲಬ್ಬಿನ ಹುಡುಗರನ್ನು ನೋಡಲು ಕಾಲೇಜಿನ ಹುಡುಗಿಯರೂ ಬರುತ್ತಿದ್ದರು. ಬಿ ಡಿವಿಜನ್ನಿಗೆ ಬಂದ ಮೇಲೆ ಮ್ಯಾಚು ಬೆಳಗಿನ ಹೊತ್ತಿಗೆ ಸರಿಯಿತು, ಇನ್ನೂ ರೊಟ್ಟಿ ಬೇಯುವ ಮೊದಲೇ. ಮೈಕಿನವನು ಬರುವುದನ್ನು ಬಿಟ್ಟ. ಗಿರ್ಮಿಟ್ ಗಾಡಿ ಬಸ್ ಸ್ಟ್ಯಾಂಡಿಗೆ ಹೋಯಿತು. ರೆಫರಿ ಒಬ್ಬನೇ ಬರುತ್ತಿದ್ದ, ಅಂಚಿನಲ್ಲಿ ಬಾವುಟ ಹಿಡಿಯಲು ನಮ್ಮವರೇ ನಿಲ್ಲಬೇಕು. ನಮ್ಮೂರ ಚಹಾ ಹೋಟೆಲಿನ ಯಜಮಾನರು ಹೆಗಲ ಮೇಲಿನ ಟವೆಲನ್ನೇ ಬಾವುಟ ಮಾಡಿಕೊಂಡು ನಿಲ್ಲುತ್ತಿದ್ದರು. ಎದುರಿನವರು ಏನು ಮಾಡಿದರೂ ಅವರ ಕೈ ಮೇಲೇಳುತ್ತಿತ್ತು, ನಮ್ಮವರು ಏನು ಮಾಡಿದರೂ ಏಳುತ್ತಿರಲಿಲ್ಲ. ಆದರೂ ನಾವು ಸೋಲುತ್ತಿದ್ದೆವು.

ಕಿತ್ತೂರಿಗೆ ಆಡಲು ಹೋದಾಗ ಕೋಟೆ ನೋಡಲು ಬಂದವರು ಐಸ್‌ಕ್ರೀಮ್ ತಿನ್ನುತ್ತ ನಮ್ಮ ಹತ್ತಿರ ನಿಂತು, ಇವರು ಯಾವ ಶಾಲೆಯ ಹುಡುಗರು ಎಂದು ಕೇಳಿದರು. ರಾಮದುರ್ಗದಲ್ಲಿ ಮಳೆ ಬಂದು ಎರೆಮಣ್ಣು ಬೂಟಿಗೆ ಮೆತ್ತಿ, ಎರಡೂ ಕಡೆಯವರು ಓಡುವುದನ್ನು ಬಿಟ್ಟು ಕಾಲು ಕೀಳುವುದರಲ್ಲೇ ಹೊತ್ತು ಕಳೆದರು. ಆ ಊರುಗಳವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದುದು ಸವದತ್ತಿಯ ಮೇಲೆ. ಆ ಮೈಕು, ಆ ಜನ, ಆ ಸಂಜೆಗಳೆಲ್ಲ ಈಗ ಅಲ್ಲಿದ್ದವು. ಒಂದು ದಿನ ನಮ್ಮ ಓಣಿಯ ಹೆಂಗಸೇ ಬಂದು, ಮಗ ಹಟ ಹಿಡಿದಿದ್ದಾನೆ, ಸವದತ್ತಿಯವರಂಥ ಹಳದಿ ಅಂಗಿ ಒಂದು ಹೊಲಿದುಕೊಡು ಎಂದಳು. ಹಳದಿ ಬಟ್ಟೆ ಮುಗಿದಿದೆ ಎಂದು ಹೇಳಿ ಕಳಿಸಿದೆ. ಅಟ್ಟದ ಮೇಲೆ ಹಳದಿ ಬಟ್ಟೆಯ ಇಡೀ ತಾನೇ ಬಿದ್ದಿತ್ತು.

ಆದರೆ ಅಷ್ಟು ಹೊತ್ತಿಗೆ ನನ್ನ ತಮ್ಮನೇ ಹಳದಿ ಅಂಗಿಯಲ್ಲಿದ್ದ. ಅದು ಆದದ್ದು ನನ್ನ ಬಾಯಿಯಿಂದಲೇ.

ಒಂದು ಕ್ಲಬ್ಬಿನ ಹುಡುಗನನ್ನು ಇನ್ನೊಂದು ಕ್ಲಬ್ಬಿಗೆ ಒಯ್ಯಬೇಕಾದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಕೇಳಲು ಬಂದ ಹಾಗೆ ಕಾಯಿ, ಸಕ್ಕರೆ, ಎಲೆ ಅಡಿಕೆ ಹಿಡಿದು ಹುಡುಗನ ಮನೆಗೆ ಬರಬೇಕು. ಮನೆಯ ಹಿರಿಯರು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮಾತು ಮುಗಿಯಿತು, ಹುಡುಗ ಅವರವನು. ನಾವು ಇಳಿದು ಇನ್ನೂ ಮುಖದ ಬಾವು ಇಳಿದಿರಲಿಲ್ಲ, ತಮ್ಮನ ಮಾವ ಹಿರಿಯರಿಬ್ಬರನ್ನು ಕರೆದುಕೊಂಡು ಬಂದರು. ಬೀಗರು ಬಂದರೆಂದು ನಾನು ಓಡಾಡಿ ಹೋಳಿಗೆ ಮಾಡಿದೆ. ಊಟವಾದ ಮೇಲೆ ಅವರು ನಗುನಗುತ್ತ ಸಕ್ಕರೆ ಪೊಟ್ಟಣ ಬಿಚ್ಚಿ ನನ್ನ ಕೈಗೆ ಹಾಕಿದರು. ಬೀಗರು ನಗುತ್ತ ಸಕ್ಕರೆ ಕೊಟ್ಟರೆ ನಾನು ತಿಳಿಯುವುದೇನು? ತಮ್ಮನ ಹೆಂಡತಿ ಬಸುರಿಯಾಗಿರಬೇಕು ಎಂದುಕೊಂಡೆ. ಕಣ್ಣಲ್ಲಿ ನೀರು ತಂದುಕೊಂಡು ಸಕ್ಕರೆಯನ್ನೆಲ್ಲ ಬಾಯಿಗೆ ಹಾಕಿಕೊಂಡೆ.

ಆಗ ಮಾವ ಹೇಳಿದರು: “ಅಕ್ಕಾರ, ಅಳಿಯಂದ್ರು ಬಿ ಡಿವಿಜನ್ದಾಗ ಆಡಿ ಯಾಕ ಹಾಳಾಗಬೇಕ್ರಿ? ಈ ವರ್ಷದಿಂದ ನಮ್ಮ ಕಡೆ ಆಡ್ಲಿ. ನೀವರ ಸಕ್ರಿ ತಿಂದ್ರಿ, ಭಾಳ ಸಂತೋಷಾತು.”

ಸಕ್ಕರೆ ಕರಗಿಯೇ ಹೋಗಿತ್ತು. ಉಗುಳುವ ಹಾಗೂ ಇರಲಿಲ್ಲ, ಬೀಗರು. ತಮ್ಮ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತೆಂದು ಅವನ ಕಾಲಿನ ಹೆಬ್ಬೆರಳೇ ಹೇಳುತ್ತಿತ್ತು. ಅವರು ಹೋದ ಮೇಲೆ ನಾನು ಬೈದಷ್ಟೂ ಬೈಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: “ಅವರೂ ಇಳದ್ರ ನಾ ಹೊಳ್ಳಿ ಬರತೇನಿ, ಅಕ್ಕಾ. ಉಳದ್ರ ಮಾತ್ರ ಅಲ್ಲೇ ಅಂಗಡಿ ಹಾಕಬೇಕಂತ ಮಾವ ಅಂತಾರ. ಜಾಗಾನೂ ನೋಡ್ಯಾರ.”

ಹೀಗೆ ಸವದತ್ತಿಯವರು ಇಳಿದರೆ ತಮ್ಮ ನನ್ನವನು, ಉಳಿದರೆ ಅವರವನು ಎಂದಾಯಿತು. ಆ ವರ್ಷ ಶನಿವಾರ ಅಂಗಡಿ ಮುಚ್ಚಿದವನು ಸೋಮವಾರವೇ ಮರಳುತ್ತಿದ್ದ. ಭಾನುವಾರದ ಊಟ ಅಲ್ಲಿ. ಬಂದವನು ಅತ್ತೆಯ ಎಣ್ಣೆಗಾಯಿ ಹೊಗಳಿದರೆ ನಾನು ವಾರವಿಡೀ ಬದನೆಕಾಯಿ ತರುತ್ತಿರಲಿಲ್ಲ. ಅವನ ಮಾವ ಊರಲ್ಲೆಲ್ಲ “ನಮ್ಮ ಹುಡುಗ” ಎನ್ನುತ್ತಾರೆಂದು ಯಾರೋ ಹೇಳಿದರು. ಎತ್ತಿ ಆಡಿಸಿದವಳು ನಾನು, ನಮ್ಮ ಹುಡುಗ ಅವರಿಗೆ.

ನಾನು ಗುಡ್ಡಕ್ಕೆ ಹೋಗಲು ಶುರು ಮಾಡಿದ್ದು ಆಗಲೇ. ಗುಡ್ಡದ ನೆಪದಲ್ಲಿ ಮ್ಯಾಚನ್ನೂ ನೋಡಿ ಬರುತ್ತಿದ್ದೆ. ಹರಕೆ ತಲುಪಿದೆಯೋ ಇಲ್ಲವೋ ತಿಳಿಯಬೇಕಲ್ಲ. ಮನೆಯಲ್ಲಿ, ಅಂಗಡಿಯಲ್ಲಿ, ಕೇಳಿದವರಿಗೆಲ್ಲ ದರ್ಶನಕ್ಕೆ ಎನ್ನುತ್ತಿದ್ದೆ. ಮೊದಲ ದಿನ ಬಸ್ಸಿನಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ನಮ್ಮ ಚಹಾ ಹೋಟೆಲಿನ ಯಜಮಾನರು ಚೀಲದಲ್ಲಿ ಕಾಯಿ ಇಟ್ಟುಕೊಂಡು ಕುಳಿತಿದ್ದರು. ಅವರ ಪಕ್ಕ ನಮ್ಮ ಕ್ಲಬ್ಬಿನ ಸೆಕ್ರೆಟರಿ. ಹುಣ್ಣಿಮೆಯಲ್ಲ, ಶುಕ್ರವಾರವಲ್ಲ, ಭಾನುವಾರ ಎಂಥ ದರ್ಶನ ಎಂದು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ತಂಡ ಇಳಿದರೂ ಭಾನುವಾರ ಸಂಜೆ ನಮ್ಮ ಕಾಲು ಕೇಳುತ್ತಿರಲಿಲ್ಲ, ಅಷ್ಟೇ. ತಿಂಗಳೊಪ್ಪತ್ತಿನಲ್ಲಿ ಅರ್ಧ ಬಸ್ಸು ನಮ್ಮ ಮೈದಾನದವರೇ ಆದರು. ಎಲ್ಲರೂ ಗುಡ್ಡದ ಬುಡದ ಉಗರಗೋಳದ ಅಂಗಡಿಯಲ್ಲಿ ದೇವಿಯ ಅರಿಶಿನ ಬಂಡಾರ ಕೊಳ್ಳುವುದು, ಗುಡ್ಡ ಹತ್ತಿ ಕೈ ಮುಗಿಯುವುದು, ಊರಲ್ಲಿ ತೋರಿಸಲು ಹಣೆಯ ತುಂಬ ಬಂಡಾರ ಬಳಿದುಕೊಳ್ಳುವುದು, ಸವದತ್ತಿಗೆ ಇಳಿದು ಮೈದಾನದಲ್ಲಿ ಸುಮ್ಮನೆ ಕುಳಿತುಕೊಳ್ಳುವುದು.

ಬಂಡಾರ ಹಳದಿ, ಸವದತ್ತಿ ಕ್ಲಬ್ಬೂ ಹಳದಿ. ಇಷ್ಟು ದೊಡ್ಡ ಹಣೆಗಳಿದ್ದೂ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಅಲ್ಲಿಯ ಜನ ನಮ್ಮ ಹಣೆ ನೋಡಿ, ಪಾಪ, ದೂರದಿಂದ ಬಂದ ನಮ್ಮ ಅಭಿಮಾನಿಗಳು ಎಂದು ಗೋಲಿನ ಹಿಂದೆ ಒಳ್ಳೆಯ ಜಾಗ ಬಿಟ್ಟುಕೊಡುತ್ತಿದ್ದರು. ಸೆಕ್ರೆಟರಿಯವರ ಕೈಗೆ ಒಬ್ಬ ಹಳದಿ ಬಾವುಟವನ್ನೇ ತುರುಕಿದ. ಅವರು ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತರು.

ದೇವಿ ನನ್ನ ಮಾತು ಕೇಳುತ್ತಿದ್ದಳು. ಸವದತ್ತಿಯವರು ಒಂದಾದ ಮೇಲೊಂದು ಸೋತು ತಳಕ್ಕೆ ಬಂದರು. ಕೊನೆಯ ಮ್ಯಾಚ್ ಗೆದ್ದರೆ ಮಾತ್ರ ಉಳಿಯುತ್ತಾರೆ, ಇಲ್ಲದಿದ್ದರೆ ಇಳಿಯುತ್ತಾರೆ ಎಂಬಲ್ಲಿಗೆ ಬಂತು. ಆ ದಿನ ಗುಡ್ಡದ ಮೇಲೆ ನಾನು ಉದ್ದಕ್ಕೆ ಬಿದ್ದು ಬೇಡಿಕೊಂಡೆ. ತಮ್ಮನಿಗಾಗಿ ಅವನ ಕೋಣೆಗೆ ಸುಣ್ಣವನ್ನೂ ಹಚ್ಚಿಸಿ ಬಂದಿದ್ದೆ.

ಮೈದಾನಕ್ಕೆ ಹೋದರೆ ಗೋಲಿನ ಹಿಂದೆಯೇ ಕುಳಿತಿದ್ದ ತಮ್ಮನ ಹೆಂಡತಿ ಎದ್ದು ಬಂದು, “ಬರ್ರಿ ಅಕ್ಕಾರ, ಇಲ್ಲಿ ಕುಂದರ್ರಿ,” ಎಂದು ತನ್ನ ಪಕ್ಕ ಕೂರಿಸಿಕೊಂಡಳು. ನಾನು ಅವಳ ಮುಖ ನೋಡದೆ ತಮ್ಮನ ಅಂಗಿ ನೋಡುತ್ತ ಕುಳಿತೆ. ಯಾವನೋ ಸವದತ್ತಿಯ ಟೇಲರ್ ಹೊಲಿದದ್ದು. ತೋಳು ಎತ್ತಿದರೆ ಬಗಲಲ್ಲಿ ಹಿಡಿಯುತ್ತಿತ್ತು. ಅವನ ಹೆಗಲು ಅಗಲ, ಬಗಲಿಗೆ ಒಂದು ಸಣ್ಣ ತುಂಡು ಕೂಡಿಸಬೇಕು. ಅದು ನನಗೊಬ್ಬಳಿಗೇ ಗೊತ್ತಿರುವ ವಿಷಯ. ಈ ಅಂಗಿಯಲ್ಲಿ ಇವನು ನೆಗೆಯಲಾರ, ಇಳಿದರು ಇವರು ಎಂದು ಒಳಗೊಳಗೇ ಹಿಗ್ಗಿದೆ. ಹಿಗ್ಗುತ್ತಲೇ, ನನ್ನ ತಮ್ಮನಿಗೆ ಇಂಥ ಅಂಗಿ ಹಾಕಿ ನಿಲ್ಲಿಸಿದ್ದಾರಲ್ಲ ಎಂದು ಮೈ ಉರಿಯಿತು.

ಗೋಲೇ ಆಗದೆ ಆಟ ಮುಗಿಯುತ್ತ ಬಂತು. ನಮ್ಮವರೆಲ್ಲ ಬಾಯಿ ಬಿಗಿಹಿಡಿದು ಕುಳಿತಿದ್ದರು. ಆಗ ಕಾರ್ನರಿನಿಂದ ಚೆಂಡು ಎತ್ತರಕ್ಕೆ ಬಂತು. ತಮ್ಮ ಎರಡೂ ತೋಳು ಚಾಚಿ ಎಲ್ಲರಿಗಿಂತ ಮೇಲೆದ್ದ. ಬಗಲಿನ ಹೊಲಿಗೆ ಪರ್ರೆಂದು ಬಿಚ್ಚಿದ್ದು ನನಗೆ ಕಂಡಿತು. ಚೆಂಡು ಅವನ ಹಣೆಗೆ ಬಡಿದು ಗೋಲಿನೊಳಗೆ ಹೋಯಿತು.

ಇಡೀ ಮೈದಾನ “ಉಧೋ ಉಧೋ” ಎಂದು ಎದ್ದಿತು. ಗುಡ್ಡದ ಮೇಲೆ ದೇವಿಗೆ ಜಯವಾಗಲಿ ಎಂದು ಕೂಗುವ ಅದೇ ಕೂಗು. ಚಿಕ್ಕಂದಿನಿಂದ ಆ ಕೂಗು ಕಿವಿಗೆ ಬಿದ್ದ ಕೂಡಲೇ ತಿರುಗಿ ಉಧೋ ಅಂದವರು ನಾವು. ಯಾರು ಕೂಗಿದರು, ಯಾಕೆ ಕೂಗಿದರು ಎಂದು ವಿಚಾರ ಮಾಡುವ ರೂಢಿಯಿಲ್ಲ. ಗೋಲಿನ ಹಿಂದೆ ಕುಳಿತ ಬೈಲಹೊಂಗಲದವರೆಲ್ಲ ಕೈ ಮೇಲೆತ್ತಿ ಉಧೋ ಎಂದೆವು. ಚಹಾ ಹೋಟೆಲಿನವರು ಅಂದರು, ಬಾವುಟದ ಮೇಲೆ ಕುಳಿತಿದ್ದ ಸೆಕ್ರೆಟರಿಯವರು ಅಂದರು. ಎಲ್ಲರಿಗಿಂತ ಜೋರಾಗಿ ಅಂದವಳು ನಾನು. ಅಂದಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಬಾಯಿ ನನಗೆ ಎರಡನೆಯ ಸಲ ಕೈಕೊಟ್ಟಿತ್ತು.

ಸವದತ್ತಿಯವರು ಉಳಿದರು. ತಮ್ಮನ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತಳು. ಅಂಗಡಿಯ ಜಾಗ, ಭಾನುವಾರದ ಊಟ, ಸುಣ್ಣ ಹಚ್ಚಿದ ಕೋಣೆ ಎಲ್ಲ ನನ್ನ ಕಣ್ಣ ಮುಂದೆ ಬಂದು ಹೋದವು. ಅವಳನ್ನು ದೂಡಬೇಕೆನ್ನಿಸಿತು, ಆದರೆ ಅವಳ ಬೆನ್ನು ನೇವರಿಸುತ್ತ ಕುಳಿತೆ.

ಜನ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದರು. ಮಾವ ಬಂಡಾರ ಎರಚಿದರು. ಅವರೆಲ್ಲರ ಕೈ ಬಿಡಿಸಿಕೊಂಡು ಅವನು ಬಂದದ್ದು ನನ್ನ ಹತ್ತಿರ. ಏದುಸಿರು ಬಿಡುತ್ತ, ಚಿಕ್ಕಂದಿನ ಹಾಗೆಯೇ ಮೂಗು ಒರೆಸಿಕೊಳ್ಳುತ್ತ ನಿಂತ.

“ಅಕ್ಕಾ, ನೀ ಉಧೋ ಅಂದದ್ದು ನನಗ ಕೇಳಿಸ್ತು,” ಎಂದ.

“ದೇವಿಗಂದೆ,” ಎಂದೆ. “ನಿನಗಲ್ಲ.”

ಅವನು ನಕ್ಕ. ನಗುವಾಗ ತೋಳು ಎತ್ತಿ ಹಣೆಯ ಬೆವರು ಒರೆಸಿಕೊಂಡ. ಬಗಲಿನ ಹರಕು ಸೊಂಟದವರೆಗೂ ಬಂದಿತ್ತು, ದಾರ ನೇತಾಡುತ್ತಿತ್ತು. ಅಷ್ಟು ಕಚ್ಚಾ ಹೊಲಿಗೆ ನೋಡಿ ನನಗೆ ತಡೆಯಲಾಗಲಿಲ್ಲ.

“ಅಂಗಿ ಬಿಚ್ಚಿ ಕೊಡು,” ಎಂದೆ. “ಮುಂದಿನ ವರ್ಷದ್ದು ನಾನ ಹೊಲಿತೇನಿ. ಆ ಟೇಲರ್ ಕೈಯಾಗ ಮಾತ್ರ ಇನ್ನ ಕೊಡಬ್ಯಾಡ.”