ಖಂಡೇಪೂಜೆಯ ಮರುದಿನ ಸಿಗದ ಫೈಲು

ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಪೂಜೆಗೆಂದು ಅದನ್ನು ಬಂದ್ ಮಾಡಿದ್ದೇ ಎಡವಟ್ಟಾಯಿತು.

ಪುಣೆಯ ಹಡಪಸರದ ಒಂದು ಸಣ್ಣ ಡಯಾಲಿಸಿಸ್ ಕೇಂದ್ರದ ಮಾತಿದು. ಮಷೀನು ಕಡಿಮೆ, ರೋಗಿಗಳು ಜಾಸ್ತಿ. ಇವತ್ತು ಯಾರ ಪಾಳಿ ಎಂದು ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಹೋಗಬೇಕು. ಅದಕ್ಕೆ ಸ್ಕ್ರಿಪ್ಟ್, ಅಂದರೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು, ಬರೆದುಕೊಟ್ಟವನು ನನ್ನ ಗೆಳೆಯ, ನನ್ನಂತೆಯೇ ಧಾರವಾಡದವನು. ಶ್ರಾವಣದಲ್ಲಿ ತೀರಿಕೊಂಡ. ಸ್ಕ್ರಿಪ್ಟ್ ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

ದಸರೆಯ ಬೆಳಿಗ್ಗೆ ಅಲ್ಲಿನ ಸಿಸ್ಟರ್ ಫೋನ್ ಮಾಡಿದರು. ಬೆಳಗಾವಿಯವರು.

“ಅಣ್ಣಾರ, ಲಗೂ ಬರ್ರಿ. ಮೆಸೇಜ್ ಯಾರಿಗೂ ಹೋಗಿಲ್ಲ. ಉಳಿದವರಿಗೆ ಫೋನ್ ಮಾಡೀನಿ. ಖಡಕಿಯಿಂದ ಬರೋ ಅಜ್ಜಾರಿಗೆ ಕಿವಿ ಕೇಳಂಗಿಲ್ಲ. ನನ್ನ ನಂಬರಿಂದ ಮೆಸೇಜ್ ಹಾಕಿದ್ರ ತೆಗದ ನೋಡವಲ್ರು. ಗೊತ್ತಿಲ್ಲದ ನಂಬರ್ ಮುಟ್ಟಬ್ಯಾಡಂತ ಮಗ ಹೆದರಿಸ್ಯಾನ. ಆ ಮಗಂದೂ ಫೋನ್ ಹತ್ತವಲ್ದು. ಅಜ್ಜಾರ ಕಾಲು ಮೊದಲ ಬಾತಾವ, ಇವತ್ತ ತಪ್ಪಿದ್ರ ಉಸಿರಿಗೆ ಬರ್ತದ್ರಿ.”

ಓಡಿದೆ. ಕಾನ್ಫಿಗ್ ಫೈಲ್ ಸಿಗುತ್ತಿಲ್ಲ ಎನ್ನುತ್ತಿತ್ತು ಪರದೆ. ಯಾವ ನಂಬರಿನಿಂದ ಕಳಿಸಬೇಕು, ಏನೆಂದು ಬರೆಯಬೇಕು, ಎಲ್ಲ ಇರುವುದು ಆ ಫೈಲಿನಲ್ಲೇ. ನೋಡಿದರೆ ಗೆಳೆಯನ ಫೋಲ್ಡರಿನಲ್ಲಿ ಆರಾಮಾಗಿ ಕೂತಿದೆ. ತೆರೆದೆ, ಒಂದಕ್ಷರ ಕೆಟ್ಟಿಲ್ಲ. ಓದುವ ಅನುಮತಿಯೂ ಸರಿಯಿದೆ.

“ನಿನ್ನೆ ಏನರ ಮಾಡಿದ್ರೇನು?”

“ಏನಿಲ್ರಿ. ಖಂಡೇಪೂಜಿಗೆ ಬಂದ್ ಮಾಡಿ, ಅರಿಷಿಣ ಕುಂಕುಮ ಹಚ್ಚಿ, ಇವತ್ತ ಚಾಲೂ ಮಾಡೀವಿ. ಆಯುಧಕ್ಕ ಒಂದಿನ ಬಿಡುವು ಕೊಡಬೇಕಲ್ರಿ?”

“ಹಿಂದಿನ ವರ್ಷ ಚಾಲೂ ಮಾಡಿದವ್ರು ಯಾರು?”

“ನಿಮ್ಮ ಗೆಳ್ಯಾರ ಬಂದಿದ್ರು.”

ಆಗ ತಿಳಿಯಿತು. ಪ್ರತಿ ಸಲ ಪೂಜೆಯಾದ ಮೇಲೆ ಅವನೇ ಬಂದು, ತನ್ನ ಫೋಲ್ಡರಿನೊಳಗಿಂದ ಸ್ಕ್ರಿಪ್ಟನ್ನು ಕೈಯಾರೆ ಶುರುಮಾಡುತ್ತಿದ್ದ. ಈ ಸಲ ಕಂಪ್ಯೂಟರ್ ತಾನೇ ಅದನ್ನು ಬೇರೆ ಫೋಲ್ಡರಿನಿಂದ ಶುರುಮಾಡಿತ್ತು. ಸ್ಕ್ರಿಪ್ಟಿಗೋ, ಶುರುವಾದ ಜಾಗದಲ್ಲೇ ಫೈಲು ಹುಡುಕುವ ಚಾಳಿ. ನಮ್ಮ ಓಣಿಯ ಅಂಗಡಿಯನ್ನು ಪರವೂರಲ್ಲಿ ನಿಂತು ಹುಡುಕಿದರೆ ಸಿಕ್ಕೀತೇ?

ಅವನ ಫೋಲ್ಡರಿಗೆ ಹೋಗಿ ನಾನೇ ಓಡಿಸಿದೆ. ಎಂದಿನ ನಂಬರಿನಿಂದಲೇ ಮೆಸೇಜ್ ಹೋದವು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಅಜ್ಜ ಕೊನೆಗೂ ರಿಕ್ಷಾದಿಂದ ಇಳಿದರು, ಏದುಸಿರು ಬಿಡುತ್ತಾ. ಸಿಸ್ಟರ್ ಅವರನ್ನು ಹಿಡಿದು ಒಳಗೆ ಕರೆದೊಯ್ದರು. ಮಷೀನು ಹಚ್ಚಿದ ಮೇಲೆ ಅಜ್ಜ ಕಿಸೆಯಿಂದ ಎರಡು ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟರು.

“ಬಂಗಾರ ತಗೊಂಡು ಬಂಗಾರದಂಗ ಇರ್ರಿ. ಇದೊಂದು ಆ ಮೆಸೇಜಿನ ತಮ್ಮಗ ಕೊಡ್ರಿ. ಇವತ್ತ್ಯಾಕ ತಡಾ ಮಾಡಿದೀ ಅಂತ ಬೈರಿ ಮತ್ತ!”

ಗೆಳೆಯ ತೀರಿಕೊಂಡದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸೂಜಿ ಚುಚ್ಚಿಕೊಂಡು ಮಲಗಿದ ಮನುಷ್ಯನಿಗೆ ಆಗ ಹೇಗೆ ಹೇಳುವುದು? ತಲೆಯಾಡಿಸಿದೆ.

ಹೊರಗೆ ಬಂದು ಫೈಲು ಎಲ್ಲಿದೆ ಎಂಬ ಪೂರ್ತಿ ವಿಳಾಸವನ್ನು ಸ್ಕ್ರಿಪ್ಟಿನಲ್ಲೇ ಬರೆದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದೆ. ಯಾರ ಕೈಯೂ ತಾಗದೆ ಸ್ಕ್ರಿಪ್ಟ್ ಫೈಲನ್ನು ಓದಿಕೊಂಡಿತು. ಮುಂದಿನ ವರ್ಷ ಪೂಜೆಗೆ ಅವನು ಬರಬೇಕಾಗಿಲ್ಲ.

ಅವನ ಪಾಲಿನ ಬನ್ನಿ ಎಲೆಯನ್ನು ಕೀಬೋರ್ಡಿನ ಪಕ್ಕ, ಅವನು ಕೂಡುತ್ತಿದ್ದ ಜಾಗದಲ್ಲಿ ಇಟ್ಟು ಬಂದೆ.